ದೂರದ ಕಂಪ್ಯೂಟರಿಗೂ ಈಚೆ ದಡ ಬೇಕು

ಸಂಶೋಧನೆಗೆ ಬೇಕಾದ ದೊಡ್ಡ ಕಂಪ್ಯೂಟರು ಯಾವ ಊರಿನಲ್ಲಿದ್ದರೂ ವ್ಯತ್ಯಾಸವಿಲ್ಲ, ಕೈಯಲ್ಲೊಂದು ಲ್ಯಾಪ್‌ಟಾಪ್, ಮನೆಗೊಂದು ನೆಟ್ ಇದ್ದರೆ ಸಂಶೋಧಕರು ಕೂತಲ್ಲೇ ಅದನ್ನು ದುಡಿಸಿಕೊಳ್ಳಬಹುದು ಎಂಬ ನಂಬಿಕೆ ಉನ್ನತ ಶಿಕ್ಷಣದ ವಲಯದಲ್ಲಿ ಬೇರೂರಿದೆ. ನಂಬಿಕೆಯನ್ನು ಯಾರೂ ಪ್ರಶ್ನಿಸದಿರುವುದರಿಂದ ಅದರಿಂದ ಹೊರಡುವ ತೀರ್ಮಾನವೂ ಹಾಗೆಯೇ ಒಪ್ಪಿಗೆ ಪಡೆದಿದೆ: ಯಂತ್ರಗಳೂ ಅವನ್ನು ಬಲ್ಲ ಜನರೂ ಬೆಂಗಳೂರು, ಪುಣೆಯಂಥ ಕಡೆ ಇದ್ದರೆ ಸಾಕು; ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ತಾಲೂಕುಗಳಲ್ಲಿ ಅದಕ್ಕೆಂದು ಹಣ ಹಾಕುವುದು ಪೋಲು. ಈ ತೀರ್ಮಾನ ತಪ್ಪು. ಮಲೆನಾಡಿನ ಸಂಶೋಧನೆಗೆ ಅದು ವರ್ಷದಿಂದ ವರ್ಷಕ್ಕೆ ನಷ್ಟ ಮಾಡುತ್ತಿದೆ. ದೂರದಿಂದ ಬಳಸುವ ಯಾವ ಏರ್ಪಾಡಿಗೂ ಎರಡು ತುದಿಗಳಿರುತ್ತವೆ. ಆಚೆ ತುದಿಗೆ ಸಾವಿರಾರು ಕೋಟಿ ಹಾಕಿ ಈಚೆ ತುದಿಯನ್ನು ಸಂಶೋಧಕರ ಜೇಬಿಗೂ ಅದೃಷ್ಟಕ್ಕೂ ಬಿಟ್ಟರೆ ಆಗುವುದು ಅರ್ಧ ಕಟ್ಟಿದ ಸೇತುವೆ.

ಆಚೆ ತುದಿ ಭದ್ರವಾಗಿದೆ ಎಂಬುದನ್ನು ಮೊದಲೇ ಒಪ್ಪಬೇಕು. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ 2015ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿತು. ಅದರ ಮೊತ್ತ 4,500 ಕೋಟಿ ರೂಪಾಯಿ. 2025ರ ಮಾರ್ಚ್ ಹೊತ್ತಿಗೆ ಅದರಡಿ 34 ಸೂಪರ್‌ಕಂಪ್ಯೂಟರುಗಳು ನೆಲೆಗೊಂಡಿದ್ದವು, ಅವುಗಳ ಒಟ್ಟು ಶಕ್ತಿ 35 ಪೆಟಾಫ್ಲಾಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಒಂದೇ 3.3 ಪೆಟಾಫ್ಲಾಪ್‌ನದು, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ ಮಾಡಬಲ್ಲದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪರಮ್ ಯುಕ್ತಿ ಇದೆ, ಸಿ-ಡ್ಯಾಕ್‌ನ ಬೆಂಗಳೂರು ಕೇಂದ್ರದಲ್ಲಿ ಪರಮ್ ಉತ್ಕರ್ಷ ಇದೆ. ಇಂಥ ಯಂತ್ರವನ್ನು ತಾಲೂಕಿಗೊಂದರಂತೆ ಇಡಲು ಬರುವುದಿಲ್ಲ, ಯಾರೂ ಹಾಗೆ ಕೇಳುತ್ತಲೂ ಇಲ್ಲ. ತಣ್ಣಗಿಡುವ ವ್ಯವಸ್ಥೆ, ಎಡೆಬಿಡದ ವಿದ್ಯುತ್ತು, ಹಗಲು ರಾತ್ರಿ ಕಾಯುವ ಸಿಬ್ಬಂದಿ ಎಲ್ಲವೂ ಒಂದೆಡೆ ಸೇರಿದಾಗಲೇ ಅವು ನಡೆಯುತ್ತವೆ. ಅವುಗಳ ಶಕ್ತಿಯ ಒಂದು ಪಾಲು ಹೊರಗಿನ ಸಂಸ್ಥೆಗಳಿಗೆ ಸಿಗಬೇಕು ಎಂಬ ಆಶಯವೂ ಸರಿಯಾದದ್ದೇ. ತಪ್ಪಿರುವುದು ಮುಂದಿನ ಹೆಜ್ಜೆಯಲ್ಲಿ. ಯಂತ್ರ ಒಂದೆಡೆ ಇರಬೇಕಾದ್ದು ನಿಜ ಎಂದ ಮಾತ್ರಕ್ಕೆ ಉಳಿದ ಕಡೆ ಏನೂ ಬೇಡ ಎಂದಾಗುವುದಿಲ್ಲ.

ಹಾಗೆ ಆಗುತ್ತದೆಂದು ಭಾವಿಸಲು ಗ್ರಂಥಾಲಯದ ಗೆಲುವು ಒಂದು ಕಾರಣ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್-ಲಿಸ್ಟ್ ಯೋಜನೆಯಿಂದಾಗಿ ಪದವಿ ಕಾಲೇಜಿನ ಅಧ್ಯಾಪಕರಿಗೆ ತಮ್ಮದೇ ಲಾಗಿನ್ ಸಿಕ್ಕಿ, ಮನೆಯಿಂದಲೇ ವಿದೇಶಿ ನಿಯತಕಾಲಿಕೆಗಳ ಲೇಖನ ಓದುವುದು ಸಾಧ್ಯವಾಯಿತು. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದೆ. ಇವು ದೊಡ್ಡ ಉಪಕಾರಗಳು. ತೀರ್ಥಹಳ್ಳಿಯ ಅಧ್ಯಾಪಕರು ಒಂದು ಲೇಖನಕ್ಕಾಗಿ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುತ್ತಿದ್ದ ಕಾಲ ನೆನಪಿದ್ದವರಿಗೆ ಅದರ ಬೆಲೆ ಗೊತ್ತು. ಲೇಖನ ಬಂದ ದಾರಿಯಲ್ಲೇ ಗಣಕಶಕ್ತಿಯೂ ಬರುತ್ತದೆ ಎಂದುಕೊಂಡದ್ದು ಮಾತ್ರ ಎಡವಟ್ಟು. ಒಂದು ಲೇಖನವೆಂದರೆ ಎರಡು ಮೂರು ಎಂಬಿಯ ಕಡತ, ಮೇಲಿನಿಂದ ಕೆಳಗೆ ಒಮ್ಮೆ ಇಳಿದರೆ ಕೆಲಸ ಮುಗಿಯಿತು. ನಡುವೆ ನೆಟ್ ಹೋದರೆ ಮತ್ತೊಮ್ಮೆ ಇಳಿಸಿಕೊಳ್ಳಬಹುದು. ಗಣನೆಗೆ ಹಾಗಲ್ಲ. ಅಲ್ಲಿ ಮೊದಲು ಮೇಲೆ ಏರಿಸಬೇಕು, ಅದೂ ನೂರಾರು ಜಿಬಿ ಲೆಕ್ಕದಲ್ಲಿ. ಆಮೇಲೆ ದಿನಗಟ್ಟಲೆ ಆಚೆ ತುದಿಯೊಂದಿಗೆ ಮಾತುಕತೆ ಕಡಿಯದಂತೆ ನೋಡಿಕೊಳ್ಳಬೇಕು.

ಏರಿಸಬೇಕಾದ ದತ್ತಾಂಶ ಹುಟ್ಟುವುದು ಎಲ್ಲಿ ಎಂಬ ಪ್ರಶ್ನೆಯನ್ನು ಕೇಂದ್ರೀಕರಣದ ಪರ ಮಾತಾಡುವವರು ಎತ್ತುವುದೇ ಇಲ್ಲ. ಈ ಮೂರು ತಾಲೂಕುಗಳ ಮಟ್ಟಿಗೆ ಉತ್ತರ ಸ್ಪಷ್ಟ: ಅದು ಇಲ್ಲಿಯೇ ಹುಟ್ಟುತ್ತದೆ. ಸಾಗರದ ಪಕ್ಕದ ಕೆಳದಿಯಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ವಸ್ತುಸಂಗ್ರಹಾಲಯ ಇದೆ. ತಾಳೆಗರಿಗಳು, ಕಡತಗಳು, ಅವುಗಳಲ್ಲಿ ತಿಗಳಾರಿ ಲಿಪಿಯ ಹಸ್ತಪ್ರತಿಗಳು ಅಲ್ಲಿವೆ. ಮಲೆನಾಡಿನ ಹವ್ಯಕ ಮನೆಗಳಲ್ಲಿ ಸಂಸ್ಕೃತ ಬರೆಯಲು ಬಳಕೆಯಲ್ಲಿದ್ದ ಈ ಲಿಪಿಯನ್ನು ಸಲೀಸಾಗಿ ಓದುವವರು ಈಗ ಬೆರಳೆಣಿಕೆಯವರು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್‌ನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿಗೆ ಸ್ಥಾನ ಸಿಕ್ಕಿತು. ಗರಿಯ ಚಿತ್ರ ನೋಡಿ ಅಕ್ಷರ ಗುರುತಿಸುವಂತೆ ಕಂಪ್ಯೂಟರಿಗೆ ಕಲಿಸುವ ಕೆಲಸ ಆ ದಿನದಿಂದ ಅರ್ಥಪೂರ್ಣವಾಯಿತು, ಏಕೆಂದರೆ ಗುರುತಿಸಿದ ಅಕ್ಷರವನ್ನು ಬರೆದಿಡಲು ಈಗ ಒಂದು ಸಂಕೇತ ಇದೆ.

ಆ ಕೆಲಸದ ಗಾತ್ರವನ್ನು ಲೆಕ್ಕ ಹಾಕಬಹುದು. ಒಂದು ಗರಿಯ ಒಂದು ಮುಖವನ್ನು ಕೊರೆದ ಗೆರೆ ಕಾಣುವಷ್ಟು ಸ್ಪಷ್ಟವಾಗಿ, ಕುಗ್ಗಿಸದೆ ತೆಗೆದಿಟ್ಟರೆ ಚಿತ್ರ 50 ಎಂಬಿ ಮುಟ್ಟುತ್ತದೆ. 150 ಗರಿಯ ಒಂದು ಕಟ್ಟಿಗೆ 300 ಮುಖ, 15 ಜಿಬಿ. ಏಳು ಕಟ್ಟು ಸೇರಿದರೆ 100 ಜಿಬಿ ದಾಟಿತು. ವಿಶ್ವವಿದ್ಯಾಲಯಗಳಿಗೆ ಸಿಗುವ 1 ಜಿಬಿಪಿಎಸ್ ಸಂಪರ್ಕ ಪೂರ್ತಿ ಕೈಗೆ ಬಂದರೆ 100 ಜಿಬಿ ಕಳಿಸಲು ಹದಿಮೂರು ನಿಮಿಷ ಚಿಲ್ಲರೆ ಸಾಕು. 10 ಎಂಬಿಪಿಎಸ್ ವೇಗದಲ್ಲಿ ಅದಕ್ಕೇ 22 ಗಂಟೆ ಬೇಕು. ಮೊಬೈಲ್ ನೆಟ್‌ನಲ್ಲಿ ಇಳಿಸುವ ವೇಗಕ್ಕಿಂತ ಏರಿಸುವ ವೇಗ ಸಾಮಾನ್ಯವಾಗಿ ಕಡಿಮೆ. ಅದು 3 ಎಂಬಿಪಿಎಸ್‌ಗೆ ಇಳಿದರೆ 74 ಗಂಟೆ, ಅಂದರೆ ಮೂರು ಹಗಲು ಮೂರು ರಾತ್ರಿ, ಒಮ್ಮೆಯೂ ಕಡಿಯದೆ. ಹಾಗಾಗಿ ಹಾರ್ಡ್ ಡಿಸ್ಕನ್ನು ಬಟ್ಟೆಯ ನಡುವೆ ಸುತ್ತಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತುವುದೇ ಜಾಣತನವಾಗುತ್ತದೆ. 2 ಟಿಬಿಯ ಡಿಸ್ಕೊಂದು ಒಂಬತ್ತು ಗಂಟೆಯಲ್ಲಿ ಸಾಗರದಿಂದ ಬೆಂಗಳೂರು ತಲುಪಿದರೆ ಅದು ಸುಮಾರು 490 ಎಂಬಿಪಿಎಸ್‌ಗೆ ಸಮ, ಆ 10 ಎಂಬಿಪಿಎಸ್ ನೆಟ್‌ನ ಹತ್ತಿರ ಹತ್ತಿರ ಐವತ್ತು ಪಟ್ಟು. ದೂರ ಅಳಿದುಹೋಯಿತು ಎಂಬ ಘೋಷಣೆಗಳ ನಂತರವೂ ಮಲೆನಾಡಿನ ದತ್ತಾಂಶಕ್ಕೆ ಅತಿ ವೇಗದ ದಾರಿ ರಾತ್ರಿ ಬಸ್ಸು ಎನ್ನುವುದು ನೋವಿನ ಸಂಗತಿ.

ಕೆಳದಿಯ ಗರಿಗಳು ಕಾಯಬಲ್ಲವು. ಮಂಗನ ಕಾಯಿಲೆ ಕಾಯುವುದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಕಾಯಿಲೆ 2018ರ ಕೊನೆಗೆ ಸಾಗರ ತಾಲೂಕಿನ ಅರಲಗೋಡು ಸುತ್ತ ಉಲ್ಬಣಿಸಿ ಜೀವಗಳನ್ನು ತೆಗೆದುಕೊಂಡಿತು. ಉಣುಗಿನಿಂದ ಹರಡುವ ವೈರಸ್ಸಿನ ವಂಶವಾಹಿ ಸರಣಿ ಸುಮಾರು 11 ಸಾವಿರ ಅಕ್ಷರಗಳಷ್ಟೇ, ಬರೆದಿಟ್ಟರೆ ನಾಲ್ಕೈದು ಪುಟ. ಆದರೆ ಆ ಸರಣಿಯನ್ನು ಕಟ್ಟುವ ಮುಂಚೆ ಸರಣಿ ಓದುವ ಯಂತ್ರ ಉಗುಳುವ ಕಚ್ಚಾ ತುಣುಕುಗಳು ಜಿಬಿಗಟ್ಟಲೆ ಇರುತ್ತವೆ. ಅವನ್ನು ಜೋಡಿಸಿ, ಹಿಂದಿನ ವರ್ಷದ ವೈರಸ್ಸಿಗೂ ಈ ವರ್ಷದ್ದಕ್ಕೂ ವ್ಯತ್ಯಾಸ ಏನೆಂದು ಹೇಳಬೇಕಾದದ್ದು ನವೆಂಬರಿನಿಂದ ಮೇವರೆಗಿನ ಹಂಗಾಮಿನೊಳಗೆ. ಮಳೆ ಬಿದ್ದ ಮೇಲೆ ಬಂದ ಉತ್ತರ ಪ್ರಬಂಧಕ್ಕೆ ಆದೀತು, ದರಗು ಗುಡಿಸಲು ಕಾಡಿಗೆ ಹೋಗುವ ಹೆಂಗಸಿಗೆ ಆಗುವುದಿಲ್ಲ.

ಅಡಿಕೆಯ ಎಲೆಚುಕ್ಕಿ ರೋಗದ್ದೂ ಇದೇ ಕತೆ. ಆನಂದಪುರದ ಬಳಿ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. 2012ರಲ್ಲಿ ಸ್ಥಾಪನೆಯಾದ ಅದರ ಆವರಣ ಸಾಗರ ತಾಲೂಕಿನಲ್ಲೇ ಇರುವುದರಿಂದ ‘ಇಲ್ಲಿ ವಿಶ್ವವಿದ್ಯಾಲಯವೇ ಇಲ್ಲವಲ್ಲ’ ಎನ್ನಲು ಯಾರಿಗೂ ಬರುವುದಿಲ್ಲ. ತೋಟದಿಂದ ತೋಟಕ್ಕೆ ಚುಕ್ಕಿ ಹೇಗೆ ಹಬ್ಬಿತು ಎಂದು ಡ್ರೋನ್ ಚಿತ್ರಗಳಿಂದ ತಿಳಿಯಲು, ತೀರ್ಥಹಳ್ಳಿ ತಾಲೂಕಿನ ಆಗುಂಬೆ, ಹೊಸನಗರ ತಾಲೂಕಿನ ಹುಲಿಕಲ್ ಕಡೆಯ ಭಾರೀ ಮಳೆಯನ್ನು ಕಣಿವೆ ಕಣಿವೆಗೆ ಬೇರೆ ಮಾಡಿ ಲೆಕ್ಕಿಸಲು, ಸಾಧಾರಣ ಲ್ಯಾಪ್‌ಟಾಪ್ ಸಾಲದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಪೂರ್ವಕ್ಕೆ ಕೆಲವೇ ಹರದಾರಿ ಹೋದರೆ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇಷ್ಟು ಕಡಿದಾಗಿ ಬದಲಾಗುವ ಮಳೆಯನ್ನು ಹಿಡಿಯಲು ನಕ್ಷೆಯ ಚೌಕಗಳನ್ನು ಚಿಕ್ಕದು ಮಾಡಬೇಕು. ಚೌಕದ ಬದಿ ಅರ್ಧವಾದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಕೆಲಸ ಎಂಟು ಪಟ್ಟಾಗುತ್ತದೆ. ಮಲೆನಾಡಿನ ಸಂಶೋಧಕರಿಗೆ ಗಣಕಶಕ್ತಿ ಅಷ್ಟೇನೂ ಬೇಡ ಎನ್ನುವವರು ಈ ನೆಲದ ಪ್ರಶ್ನೆಗಳನ್ನು ಎಣಿಸಿ ನೋಡಿಲ್ಲ.

ದೂರದಿಂದ ಬಳಸುವುದೆಂದರೆ ನಿಜದಲ್ಲಿ ಏನೆಂದು ತಿಳಿಯಲು ಮಳೆಗಾಲದ ಒಂದು ಸಂಜೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹೊಸನಗರದಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ, ತೋಟದ ನಡುವಿನ ಮನೆ. ಫೈಬರ್ ಕೇಬಲ್ ಬಂದಿದೆ, ಕಂಬದಿಂದ ಕಂಬಕ್ಕೆ, ಕೊನೆಯ ಒಂದಿಷ್ಟು ದೂರ ಮರದಿಂದ ಮರಕ್ಕೆ. ಮೊಬೈಲಿಗೆ ಸಿಗ್ನಲ್ ಮಾತ್ರ ಇಲ್ಲ. ಸಂಶೋಧನಾ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ತೆಗೆದು ಮೊದಲು ವಿಪಿಎನ್ ಒಳಹೊಗುತ್ತಾಳೆ, ಹೆಸರು ಮತ್ತು ಪಾಸ್‌ವರ್ಡ್ ಕೊಡುತ್ತಾಳೆ. ಆಚೆಯ ಯಂತ್ರ ಓಟಿಪಿ ಕೇಳುತ್ತದೆ. ಓಟಿಪಿ ಬರುವುದು ಮೊಬೈಲಿಗೆ, ಮೊಬೈಲಿಗೆ ಸಿಗ್ನಲ್ ಸಿಗುವುದು ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ. ಕೊಡೆ ಹಿಡಿದು ಗುಡ್ಡ ಹತ್ತಿ ಅಂಕಿ ನೋಡಿಕೊಂಡು ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಹಾಗಾಗಿ ಅಣ್ಣನನ್ನೋ ತಮ್ಮನನ್ನೋ ಮೇಲೆ ನಿಲ್ಲಿಸಿ, ಅವನು ಕೂಗಿ ಹೇಳಿದ ಆರು ಅಂಕಿಯನ್ನು ಕೆಳಗೆ ಒತ್ತಬೇಕು. ಒಳಗೆ ಹೋದ ಮೇಲೆ ಕೆಲಸವನ್ನು ಸರದಿಗೆ ಹಾಕುತ್ತಾಳೆ. ಸರದಿ ನಾಳೆ ಬೆಳಗಿನ ಜಾವ ಬರಬಹುದು, ನಾಡಿದ್ದು ಬರಬಹುದು. ಬಂದ ಕೆಲಸ ಎರಡನೇ ನಿಮಿಷಕ್ಕೇ ನಿಂತಿರುತ್ತದೆ, ಕಡತದ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿತ್ತೆಂದು. ತಿದ್ದಿ ಮತ್ತೆ ಸರದಿಯ ಕೊನೆಗೆ. ತಾನೇ ಕೂತು ನಡೆಸುತ್ತಿರುವ ಕೆಲಸವಾದರೆ ಇನ್ನೂ ಕಷ್ಟ: ಗಾಳಿಗೆ ಅಕೇಶಿಯಾದ ಕೊಂಬೆ ಕೇಬಲ್ ಮೇಲೆ ಬಿದ್ದ ಕ್ಷಣ ಸಂಪರ್ಕ ಕಡಿದು, ಅದರ ಜೊತೆಗೇ ಆಚೆ ನಡೆಯುತ್ತಿದ್ದ ಪ್ರೋಗ್ರಾಂ ಕೂಡ ಸತ್ತುಹೋಗುತ್ತದೆ.

ಸರದಿಗೆ ಕಾಯುವುದೊಂದನ್ನು ಬಿಟ್ಟರೆ ಈ ಸಂಜೆಯ ತೊಡಕುಗಳಲ್ಲಿ ಒಂದೂ ಸೂಪರ್‌ಕಂಪ್ಯೂಟರಿನ ದೌರ್ಬಲ್ಯದಿಂದ ಬಂದದ್ದಲ್ಲ ಎಂಬುದು ಗಮನಿಸಬೇಕಾದ ವಿಷಯ. ಯಂತ್ರದ ವೇಗ ಹತ್ತು ಪಟ್ಟು ಹೆಚ್ಚಿಸಿದರೂ ಅವು ಹಾಗೆಯೇ ಉಳಿಯುತ್ತವೆ. ಎಲ್ಲವೂ ಈಚೆ ತುದಿಯವು, ಎಲ್ಲಕ್ಕೂ ಅಗ್ಗದ ಪರಿಹಾರ ಇದೆ. ನೆಟ್ ಇಲ್ಲದೆಯೇ ಮೊಬೈಲಿನೊಳಗೇ ಆರು ಅಂಕಿ ಹುಟ್ಟಿಸುವ ಆ್ಯಪ್‌ಗಳಿವೆ; ಎಸ್ಸೆಮ್ಮೆಸ್ ಬದಲು ಅವನ್ನು ಒಪ್ಪಿದರೆ ಗುಡ್ಡ ಹತ್ತುವ ಕೆಲಸ ನಿಂತಿತು. ಸಂಪರ್ಕ ಕಡಿದರೂ ಆಚೆಯ ಪ್ರೋಗ್ರಾಂ ಜೀವಂತ ಇರುವಂತೆ ಇಡುವ ಸಣ್ಣ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಅರ್ಧಕ್ಕೆ ನಿಂತ ಕಡತವನ್ನು ನಿಂತಲ್ಲಿಂದಲೇ ಮುಂದುವರಿಸಿ ಕಳಿಸುವ ವಿಧಾನವೂ ಇದೆ. ಬೇಕಾಗಿರುವುದು ಇವನ್ನು ಬಲ್ಲವರು ಪಕ್ಕದಲ್ಲಿ ಕೂತು ಒಂದು ಮಧ್ಯಾಹ್ನ ತೋರಿಸಿಕೊಡುವುದು.

ಆ ವ್ಯಕ್ತಿಯೇ ಇಲ್ಲ. ಪದವಿ ಕಾಲೇಜಿನ ಹುದ್ದೆಗಳೆಂದರೆ ಅಧ್ಯಾಪಕರು, ಗುಮಾಸ್ತರು, ಗ್ರಂಥಪಾಲಕರು, ದೈಹಿಕ ಶಿಕ್ಷಣ ನಿರ್ದೇಶಕರು. ಸಂಶೋಧಕರ ಗಣನೆಗೆ ನೆರವಾಗುವವರ ಹುದ್ದೆ ಸಾಮಾನ್ಯವಾಗಿ ಆ ಪಟ್ಟಿಗೇ ಬಂದಿಲ್ಲ. ಕೋಲ್ಕತ್ತದಲ್ಲಿ ರಾಷ್ಟ್ರೀಯ ಗ್ರಂಥಾಲಯ ಇದೆ, ಹಾಗಾಗಿ ಸಾಗರದ ಕಾಲೇಜಿಗೆ ಗ್ರಂಥಪಾಲಕರು ಬೇಡ ಎಂದು ಯಾರಾದರೂ ಹೇಳಿದರೆ ಶಿಕ್ಷಣ ಇಲಾಖೆಯೇ ಒಪ್ಪುವುದಿಲ್ಲ. ಪುಸ್ತಕ ಎಷ್ಟು ದೂರದಲ್ಲಿದೆಯೋ ಅದನ್ನು ಹುಡುಕಿ ತರಿಸಿಕೊಡುವವರು ಅಷ್ಟೇ ಹತ್ತಿರದಲ್ಲಿರಬೇಕು ಎಂಬ ತಿಳಿವಳಿಕೆ ಗ್ರಂಥಾಲಯದ ವಿಷಯದಲ್ಲಿ ಗಟ್ಟಿಯಾಗಿದೆ. ಗಣನೆಯ ವಿಷಯದಲ್ಲಿ ಅದೇ ತಿಳಿವಳಿಕೆ ಕಾಣದಿರಲು ಕಾರಣವಿಲ್ಲ. ಆಚೆ ತುದಿಯ ಸಹಾಯವಾಣಿಗೆ ಬರೆದ ಇಮೇಲು ಈ ಜಾಗ ತುಂಬುವುದಿಲ್ಲ, ಏಕೆಂದರೆ ಹೊಸಬರಿಗೆ ತಮ್ಮ ತೊಡಕು ಏನೆಂದು ಬರೆದು ತಿಳಿಸುವುದೇ ಮೊದಲ ತೊಡಕು. ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದಾಗ ಇಮೇಲು ಹೊರಡುವುದೇ ಇಲ್ಲ.

ಖಾತೆಯ ಪ್ರಶ್ನೆ ಇದಕ್ಕಿಂತ ಸಣ್ಣದಾಗಿ ಕಂಡರೂ ಸಣ್ಣದಲ್ಲ. ದೊಡ್ಡ ಕೇಂದ್ರದಲ್ಲಿ ಖಾತೆ ತೆರೆಯಲು ಸಂಸ್ಥೆಯ ಇಮೇಲ್, ಮಾರ್ಗದರ್ಶಕರ ಯೋಜನಾ ಪ್ರಸ್ತಾವ, ಮುಖ್ಯಸ್ಥರ ಸಹಿ, ಕೆಲವೊಮ್ಮೆ ಬದಲಾಗದ ಐಪಿ ವಿಳಾಸ ಕೇಳುವುದುಂಟು. ವಿಶ್ವವಿದ್ಯಾಲಯದ ಆವರಣದಲ್ಲಿ ಕೂತವರಿಗೆ ಇವು ಬಾಗಿಲ ಮುಂದೆಯೇ ಸಿಗುತ್ತವೆ. ಆದರೆ ಕುವೆಂಪು ವಿಶ್ವವಿದ್ಯಾಲಯದಂಥ ರಾಜ್ಯ ವಿಶ್ವವಿದ್ಯಾಲಯದ ಹರಹು ಶಂಕರಘಟ್ಟದ ಆವರಣಕ್ಕೆ ಮುಗಿಯುವುದಿಲ್ಲ. ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಹೊಸನಗರದ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಪಾಠ ಮಾಡುತ್ತಲೇ ಪಿಎಚ್.ಡಿ. ಮಾಡುವ ಅಧ್ಯಾಪಕರೂ ವಿಶ್ವವಿದ್ಯಾಲಯದ ಸಂಶೋಧಕರೇ. 2010ರ ಮಾರ್ಚ್‌ನಲ್ಲಿ 5,990 ಕೋಟಿ ರೂಪಾಯಿಯೊಂದಿಗೆ ಒಪ್ಪಿಗೆಯಾದ ರಾಷ್ಟ್ರೀಯ ಜ್ಞಾನ ಜಾಲದ ದೊಡ್ಡ ಕೊಳವೆ ವಿಶ್ವವಿದ್ಯಾಲಯಗಳ ಬಾಗಿಲಿಗೆ ಬಂದಿತು. ಅಲ್ಲಿಂದ ತಾಲೂಕು ಕೇಂದ್ರದ ಕಾಲೇಜಿಗೆ ಹರಿಯುವ ಕಾಲುವೆ ಯಾರ ಜವಾಬ್ದಾರಿ ಎಂಬುದು ತೀರ್ಮಾನವಾಗಲಿಲ್ಲ. ತೋಟಕ್ಕೆ ನೀರು ಬಿಡುವವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಕೆರೆ ತುಂಬಿದ್ದರೂ ತೂಬಿನಿಂದ ಬುಡದವರೆಗೆ ಕಾಲುವೆ ತೆಗೆಯದಿದ್ದರೆ ಮರ ಒಣಗುತ್ತದೆ.

ಈ ವಾದಕ್ಕೆ ಎದುರಾಗಿ ಹೆಚ್ಚು ಕೇಳುವ ಉದಾಹರಣೆ ಕೊರೊನಾ ಕಾಲದ್ದು. 2020 ಮತ್ತು 2021ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳು ಊರಿಗೆ ಬಂದು ಅಡಿಕೆ ಅಂಗಳದ ಪಕ್ಕದಲ್ಲಿ ಕೂತು ಕೆಲಸ ಮಾಡಿದರಲ್ಲ, ಸಂಶೋಧಕರಿಗೆ ಮಾತ್ರ ಯಾಕೆ ಆಗುವುದಿಲ್ಲ ಎನ್ನುತ್ತಾರೆ. ಅದೇ ದಿನಗಳಲ್ಲಿ ಸಾಗರ, ಹೊಸನಗರ ತಾಲೂಕುಗಳ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ’ ಎಂಬ ಫಲಕಗಳು ಎದ್ದಿದ್ದನ್ನು, ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡದ ಮೇಲೆ ಟಾರ್ಪಾಲು ಕಟ್ಟಿಕೊಂಡಿದ್ದನ್ನು ಈ ಉದಾಹರಣೆ ಕೊಡುವವರು ಮರೆಯುತ್ತಾರೆ. ಅದನ್ನು ಬದಿಗಿಟ್ಟರೂ ಎರಡು ಕೆಲಸಗಳ ಸ್ವಭಾವ ಬೇರೆ. ಕಂಪನಿಯ ಉದ್ಯೋಗಿಯ ದತ್ತಾಂಶ ಎಲ್ಲವೂ ಕಂಪನಿಯ ಯಂತ್ರದಲ್ಲೇ ಇರುತ್ತದೆ. ಮನೆಯಿಂದ ಹೋಗುವುದು ಒತ್ತಿದ ಅಕ್ಷರ, ಬರುವುದು ಪರದೆಯ ಚಿತ್ರ. ತೊಡಕಾದರೆ ಕರೆ ಮಾಡಲು ಸಂಬಳ ಪಡೆಯುವ ತಾಂತ್ರಿಕ ತಂಡ ಇರುತ್ತದೆ, ಲ್ಯಾಪ್‌ಟಾಪ್ ಕೆಟ್ಟರೆ ಬೇರೆಯದು ಬರುತ್ತದೆ. ಉಣುಗಿನ ಮಾದರಿ, ತಾಳೆಗರಿಯ ಚಿತ್ರ, ಮಳೆಮಾಪಕದ ಓದು ಇವು ಬೆಂಗಳೂರಿನ ಯಾವ ಯಂತ್ರದಲ್ಲೂ ಮೊದಲೇ ಕೂತಿರುವುದಿಲ್ಲ. ಇಲ್ಲಿಂದ ಹೊರಡಬೇಕು.

ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕ್ಲೌಡ್ ಈ ತೊಡಕನ್ನು ಬಿಡಿಸುತ್ತದೆ ಎಂಬುದು ಇನ್ನೊಂದು ವಾದ. 2024ರ ಮಾರ್ಚ್‌ನಲ್ಲಿ 10,371.92 ಕೋಟಿ ರೂಪಾಯಿಯೊಂದಿಗೆ ಒಪ್ಪಿಗೆಯಾದ ಇಂಡಿಯಾ ಎಐ ಮಿಷನ್‌ನಡಿ ಜಿಪಿಯು ಯಂತ್ರಗಳು ಸಹಾಯಧನದ ದರದಲ್ಲಿ ದೊರೆಯುತ್ತವೆ. ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆಯಾಗಿ ಗರಿಷ್ಠ 12 ಗಂಟೆ ಕೆಲಸ ಮಾಡಬಹುದು, ಸುಮ್ಮನೆ ಬಿಟ್ಟರೆ ಅದಕ್ಕೂ ಮುಂಚೆ ಮುಚ್ಚಿಹೋಗುತ್ತದೆ. ಇವೆಲ್ಲ ಒಳ್ಳೆಯ ಸೌಲಭ್ಯಗಳು, ಆದರೆ ಇವೂ ಆಚೆ ತುದಿಯವೇ. ಬಾಡಿಗೆಯ ಗಡಿಯಾರ ಓಡುತ್ತಿರುವಾಗ ದತ್ತಾಂಶ ಏರಿಸುತ್ತ ಕೂತರೆ ಕಾಯುವ ಹೊತ್ತಿಗೂ ಹಣ ತೆರಬೇಕು. ಕಲಿಯುವವರು ತಪ್ಪು ಮಾಡುತ್ತಲೇ ಕಲಿಯಬೇಕು. ಪ್ರತಿ ತಪ್ಪಿಗೂ ಮೀಟರು ಓಡುತ್ತದೆಂದಾದರೆ ಹೆದರಿ ಪ್ರಯೋಗವನ್ನೇ ಬಿಡುತ್ತಾರೆ. ಇದು ಹಣದ ಲೆಕ್ಕಕ್ಕೆ ಸಿಗದ ನಷ್ಟ, ಮತ್ತು ಬಹುಶಃ ಎಲ್ಲಕ್ಕಿಂತ ದೊಡ್ಡದು.

ಮಲೆನಾಡಿನ ಹವೆಯಲ್ಲಿ ಯಂತ್ರ ಉಳಿಯುವುದಿಲ್ಲ ಎನ್ನುವವರೂ ಇದ್ದಾರೆ. ತೇವ, ಬೂಷ್ಟು, ಏಪ್ರಿಲ್ ಮೇ ತಿಂಗಳ ಸಿಡಿಲು, ಮಳೆಗಾಲದಲ್ಲಿ ದಿನಗಟ್ಟಲೆ ಹೋಗುವ ಕರೆಂಟು ಯಾವುದೂ ಸುಳ್ಳಲ್ಲ. ಗುಡುಗಿದ ಕೂಡಲೇ ನೆಟ್‌ನ ವೈರು, ಪ್ಲಗ್ಗು ಕಿತ್ತಿಡುವುದು ಇಲ್ಲಿನ ಪ್ರತಿ ಮನೆಯ ಅಭ್ಯಾಸ. ಆದರೆ ಅದೇ ತೇವದಲ್ಲಿ ಬ್ಯಾಂಕಿನ ಶಾಖೆಗಳ ಕಂಪ್ಯೂಟರುಗಳು ವರ್ಷವಿಡೀ ನಡೆಯುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಪಂಚಾಯಿತಿಯಿಂದ ಪ್ರತಿ 15 ನಿಮಿಷಕ್ಕೊಮ್ಮೆ ಓದು ಕಳಿಸುತ್ತವೆ. 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ಲಿಂಗನಮಕ್ಕಿಯ ನೀರಿನಿಂದ ನಡೆಯುತ್ತದೆ, ವಾರಾಹಿಯ 460 ಮೆಗಾವಾಟ್‌ನ ಭೂಗರ್ಭ ಕೇಂದ್ರಕ್ಕೆ ನೀರು ಹೋಗುವುದು ಹೊಸನಗರ ತಾಲೂಕಿನ ಮಾಣಿ ಜಲಾಶಯದಿಂದ. ಅವುಗಳ ನಿಯಂತ್ರಣ ಕೊಠಡಿಗಳು ಈ ಮಳೆಯ ನಾಡಿನಲ್ಲೇ ಇವೆ. ಎಲ್ಲಿ ನೋಡಿಕೊಳ್ಳಲು ಜನರ ನೇಮಕವಾಗಿದೆಯೋ ಅಲ್ಲಿ ಯಂತ್ರ ಉಳಿದಿದೆ. ನಾಡಿಗೆ ಬೆಳಕು ಕೊಡಲು ಊರು, ಗದ್ದೆ, ತೋಟಗಳನ್ನು ಹಿನ್ನೀರಿಗೆ ಬಿಟ್ಟು ಎದ್ದುಹೋದ ಜನರ ಮೊಮ್ಮಕ್ಕಳು ಇಂದು ಸಂಶೋಧನೆ ಮಾಡುವ ವಯಸ್ಸಿನವರು. ಅವರಿಗೆ ಒಂದು ಕೊಠಡಿಯ ಯಂತ್ರ ನಡೆಸುವಷ್ಟು ಕರೆಂಟು ನೆಚ್ಚುವಂತೆ ಕೊಡಲಾಗದು ಎಂಬ ಮಾತನ್ನು ಯಾರೂ ಆಡಬಾರದು.

ದೂರದ ಸಂಪತ್ತನ್ನು ಹಳ್ಳಿಗೆ ತರುವುದು ಹೇಗೆಂದು ಈ ನೆಲಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಮ್ 1970ರ ದಶಕದಲ್ಲಿ ಚಿತ್ರಸಮಾಜ ಕಟ್ಟಿತು. ಜಗತ್ತಿನ ಶ್ರೇಷ್ಠ ಚಿತ್ರಗಳ ಸುರುಳಿಗಳು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದವು. ಬೇಕಾದವರು ಪುಣೆಗೆ ಹೋಗಿ ನೋಡಲಿ ಎಂದು ನೀನಾಸಮ್‌ನ ಕೆ.ವಿ. ಸುಬ್ಬಣ್ಣ ಹೇಳಲಿಲ್ಲ. ಸುರುಳಿ ಬಂದರೆ ಸಾಕು ಎಂದೂ ಸುಮ್ಮನಾಗಲಿಲ್ಲ. ಪ್ರೊಜೆಕ್ಟರು, ಪರದೆ, ಕೂರುವ ಜಾಗ, ಅದನ್ನು ನಡೆಸಬಲ್ಲವರು, ನೋಡಿದ್ದನ್ನು ಕನ್ನಡದಲ್ಲಿ ವಿವರಿಸಬಲ್ಲವರು, ಇಷ್ಟೂ ಹೆಗ್ಗೋಡಿನಲ್ಲೇ ಇರಬೇಕೆಂದು ಕಂಡುಕೊಂಡದ್ದರಿಂದ ರೈತರೂ ಹೆಂಗಸರೂ ಕೂತು ಕುರೊಸಾವಾನ, ಸತ್ಯಜಿತ್ ರಾಯರ ಚಿತ್ರ ನೋಡಿ ಚರ್ಚಿಸಿದರು. ಸುರುಳಿ ದೂರದ್ದು, ಪರದೆ ಊರಿನದು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೊರಜಗತ್ತು ಅದನ್ನು ಗುರುತಿಸಿತು. ಗಣನೆಗೂ ಬೇಕಾದದ್ದು ಇಂಥದೇ ಪರದೆ.

ಅದರ ಗಾತ್ರ ದೊಡ್ಡದಲ್ಲ. ಮೂರು ತಾಲೂಕಿಗೆ ಸೇರಿ ಒಂದು ಕೊಠಡಿ. ಎರಡು ಅಥವಾ ನಾಲ್ಕು ಜಿಪಿಯು ಇರುವ ಒಂದು ಸರ್ವರ್. ಐವತ್ತು ಟಿಬಿಯಷ್ಟು ಸಂಗ್ರಹ. ಬ್ಯಾಟರಿ, ಜನರೇಟರು, ಸಿಡಿಲಿಗೆ ಸರಿಯಾದ ಅರ್ಥಿಂಗ್. ಏರಿಸಲೂ ಇಳಿಸಲೂ ಒಂದೇ ವೇಗ ಕೊಡುವ ಲೀಸ್ಡ್ ಲೈನ್. ಅಡಿಕೆ ಬೆಳೆಗಾರರು ತಲೆಗೊಂದು ಗೋದಾಮು ಕಟ್ಟದೆ ಮ್ಯಾಮ್‌ಕೋಸ್, ಆಪ್ಸ್‌ಕೋಸ್ ಸಹಕಾರ ಸಂಘಗಳ ಅಂಗಳವನ್ನು ಹಂಚಿಕೊಂಡಂತೆ ಕಾಲೇಜುಗಳೂ ಕೃಷಿ ವಿಶ್ವವಿದ್ಯಾಲಯವೂ ಇದನ್ನು ಹಂಚಿಕೊಳ್ಳಬಹುದು. ಇದು ಪರಮ್ ಪ್ರವೇಗಕ್ಕೆ ಪೈಪೋಟಿಯಲ್ಲ, ಅದಕ್ಕೆ ಸಸಿಮಡಿ. ಪ್ರೋಗ್ರಾಂ ಬರೆಯುವುದು, ತಪ್ಪು ತಿದ್ದುವುದು, ಸಣ್ಣ ಮಾದರಿಯ ಮೇಲೆ ನಡೆಸಿ ನೋಡುವುದು, ಚಿತ್ರಗಳನ್ನು ಶುದ್ಧಮಾಡಿ ಕುಗ್ಗಿಸುವುದು ಇಲ್ಲಿ ನಡೆಯುತ್ತದೆ. ಗಟ್ಟಿಯಾದ ಮೇಲೆ ನಿಜವಾಗಿ ದೊಡ್ಡದಾದ ಭಾಗ ಮಾತ್ರ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಯ ಸರದಿಯೂ ಹಗುರಾಗುತ್ತದೆ. 100 ಜಿಬಿಯ ಗರಿಚಿತ್ರಗಳಿಂದ ಅಕ್ಷರದ ತುಣುಕುಗಳನ್ನಷ್ಟೇ ಕತ್ತರಿಸಿ, ಅಗತ್ಯವಿರುವಷ್ಟು ಸ್ಪಷ್ಟತೆ ಉಳಿಸಿ ಕುಗ್ಗಿಸಿದರೆ ಉಳಿಯುವುದು ಕೆಲವೇ ಜಿಬಿ. ಅದನ್ನು ಸಾಧಾರಣ ನೆಟ್‌ನಲ್ಲೂ ರಾತ್ರಿ ಬೆಳಗಾಗುವುದರೊಳಗೆ ಕಳಿಸಬಹುದು.

ಯಂತ್ರಕ್ಕಿಂತ ಮುಂಚೆ ಆಗಬೇಕಾದದ್ದು ನೇಮಕ. ಯಂತ್ರ ಕೊಂಡು ಬೀಗ ಹಾಕಿಟ್ಟ ಕೊಠಡಿಗಳು ನಾಡಿನ ಕಾಲೇಜುಗಳಲ್ಲಿ ಬೇಕಾದಷ್ಟಿವೆ. ಅವನ್ನು ತೋರಿಸಿಯೇ ಇಂಥ ಬೇಡಿಕೆಗಳನ್ನು ತಳ್ಳಿಹಾಕುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಮೊದಲ ವರ್ಷ ಯಂತ್ರವೇ ಇಲ್ಲದಿದ್ದರೂ ನಡೆದೀತು. ಲಿನಕ್ಸ್ ಬಲ್ಲ, ಕನ್ನಡದಲ್ಲಿ ಹೇಳಿಕೊಡಬಲ್ಲ ಒಬ್ಬರು ಖಾಯಂ ಸಂಬಳದ ಮೇಲೆ ಬಂದು, ವಾರಕ್ಕೆರಡು ದಿನ ಸಾಗರ, ಎರಡು ದಿನ ತೀರ್ಥಹಳ್ಳಿ, ಎರಡು ದಿನ ಹೊಸನಗರದಲ್ಲಿ ಕೂತು, ಯಾರ ಬಳಿ ಯಾವ ದತ್ತಾಂಶ ಇದೆ, ಯಾರಿಗೆ ಯಾವ ಖಾತೆ ಬೇಕು, ಯಾವ ಕೆಲಸಕ್ಕೆ ದೊಡ್ಡ ಯಂತ್ರ ಬೇಕು, ಯಾವುದಕ್ಕೆ ಬೇಡ ಎಂದು ಪಟ್ಟಿ ಮಾಡಿಕೊಳ್ಳಬೇಕು. ಖಾತೆ ಕೊಡುವ ಕೇಂದ್ರಗಳು ಸಂಯೋಜಿತ ಕಾಲೇಜಿನ ಮಾರ್ಗದರ್ಶಕರ ಸಹಿಯನ್ನು ವಿಶ್ವವಿದ್ಯಾಲಯದ ಸಹಿಯೆಂದೇ ಒಪ್ಪುವಂತೆ ಪತ್ರವ್ಯವಹಾರ ನಡೆಸುವುದೂ ಆ ವರ್ಷದ ಕೆಲಸ. ಯಾವ ಸರ್ವರ್ ಕೊಳ್ಳಬೇಕು ಎಂಬುದು ಆ ಪಟ್ಟಿಯಿಂದ ತಿಳಿಯುತ್ತದೆ. ಕೊಳ್ಳುವುದಾದರೆ ಜನವರಿಯಲ್ಲಿ ಕೊಂಡು, ಕೊಠಡಿಯ ಸೂರು, ಅರ್ಥಿಂಗ್, ಕೇಬಲ್‌ಗಳನ್ನು ಏಪ್ರಿಲ್‌ನ ಮೊದಲ ಗುಡುಗಿಗೆ ಮುಂಚೆ ಮುಗಿಸಿಕೊಂಡರೆ ಜೂನ್‌ನ ಮಳೆಗೆ ಅದು ಸಿದ್ಧವಿರುತ್ತದೆ.